ಹಸು ಸಾಸಿವೆ ಮೇಯದಿದ್ದರೆ ಫೋಟೋವೇ ಇಲ್ಲ!

ನಿಮಗಿದು ಗೊತ್ತೇ? ಕ್ಯಾಮೆರಾದ ಫಿಲಂ ರೋಲ್‌ನಲ್ಲಿ ದನದ ಮೂಳೆಯ ಅಂಶ ಇದೆ! ಬೆಳಕನ್ನು ಹಿಡಿಯುವ ಬೆಳ್ಳಿಯ ಹರಳುಗಳನ್ನು ಫಿಲಂ ಮೇಲೆ ಕೂರಿಸುವುದು ಜೆಲಟಿನ್. ಆ ಜೆಲಟಿನ್ ತಯಾರಾಗುವುದು ಮೂಳೆ, ಚರ್ಮಗಳಿಂದ. ನೂರೈವತ್ತು ವರ್ಷ ಕಳೆದರೂ ಈ ಕೆಲಸಕ್ಕೆ ಇದನ್ನು ಮೀರಿಸುವ ವಸ್ತು ಸಿಕ್ಕಿಲ್ಲ!

ಇನ್ನೂ ಮಜಾ ಕೇಳಿ. 1880ರ ದಶಕದಲ್ಲಿ ಕೊಡಕ್ ಸ್ಥಾಪಕ ಜಾರ್ಜ್ ಈಸ್ಟ್‌ಮನ್ ಮಾಡುತ್ತಿದ್ದ ಫೋಟೋ ಪ್ಲೇಟುಗಳು ಇದ್ದಕ್ಕಿದ್ದಂತೆ ಕೆಟ್ಟವು. ಬೆಳಕು ಬಿದ್ದರೂ ಚಿತ್ರ ಮೂಡಲೊಲ್ಲದು. ತಪ್ಪು ಜೆಲಟಿನ್‌ನದು ಎಂದು ತಿಳಿಯಿತು. ಆದರೆ ಯಾಕೆ? ಉತ್ತರ ಸಿಕ್ಕಿದ್ದು 1920ರ ದಶಕದಲ್ಲಿ! ಕೊಡಕ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಪತ್ತೆ ಮಾಡಿದ್ದೇನೆಂದರೆ, ಚಿತ್ರ ಚುರುಕಾಗಿ ಮೂಡುವುದಕ್ಕೆ ಚೂರೇ ಚೂರು ಗಂಧಕದ ಅಂಶ ಬೇಕು. ಅದು ಬರುತ್ತಿದ್ದುದು ದನಗಳು ಮೇಯುತ್ತಿದ್ದ ಸಾಸಿವೆಯಂಥ ಗಿಡಗಳಿಂದ. ನಿಮ್ಮ ಅಜ್ಜಿಯ ಮದುವೆ ಫೋಟೋ ಚೆನ್ನಾಗಿ ಬಂದಿದ್ದರ ಹಿಂದೆ ಯಾವುದೋ ದೇಶದ ಹಸುವಿನ ಮೇವಿಗೂ ಪಾಲಿದೆ!

ಕ್ಲಿಕ್ ಅಂದ ಕ್ಷಣದಲ್ಲಿ ಫಿಲಂ ಮೇಲೆ ಏನಾಗುತ್ತದೆ? ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ! ಒಂದೊಂದು ಹರಳಿನಲ್ಲಿ ನಾಲ್ಕೈದು ಬೆಳ್ಳಿಯ ಪರಮಾಣುಗಳು ಗುಂಪುಗೂಡುತ್ತವೆ, ಅಷ್ಟೇ. ಚಿತ್ರ ಅಲ್ಲಿದೆ, ಆದರೆ ಅಡಗಿ ಕುಳಿತಿದೆ. ರಾಸಾಯನಿಕದಲ್ಲಿ ತೊಳೆದಾಗ ಅದು ನೂರು ಕೋಟಿ ಪಟ್ಟು ಬೆಳೆದು ಕಾಣಿಸಿಕೊಳ್ಳುತ್ತದೆ. ಫಿಲಂ ಹುಚ್ಚು ಹತ್ತಿದವರನ್ನು ಕೇಳಿ, ಅವರಿಗೆ ಬೇಕಾಗಿರುವುದು ಈ ಅಡಗಿರುವ ಚಿತ್ರದ ರೋಮಾಂಚನವೇ.

ಸಿನಿಮಾಗಳಲ್ಲಿ ಹೀರೋ ಕೆಂಪು ದೀಪದ ಕೆಳಗೆ ರೋಲ್ ತೊಳೆಯುತ್ತಾನಲ್ಲ? ನಂಬಬೇಡಿ! ಕೆಂಪು ದೀಪ ಕಪ್ಪು-ಬಿಳುಪು ಪ್ರಿಂಟ್ ಹಾಕುವಾಗ ಮಾತ್ರ ನಡೆಯುತ್ತದೆ. ಸಾಮಾನ್ಯ ಫಿಲಂಗೆ ಕೆಂಪು ಬೆಳಕೂ ಕಾಣುತ್ತದೆ, ರೋಲ್ ಹಾಳಾಗುತ್ತದೆ. ರೋಲ್ ಬಿಚ್ಚಿ ತೊಳೆಯುವ ಡಬ್ಬಿಗೆ ಸುತ್ತುವುದು ಗವ್ವೆನ್ನುವ ಕತ್ತಲಲ್ಲಿ, ಬರೀ ಬೆರಳ ಅಂದಾಜಿನ ಮೇಲೆ!

ಕಾಫಿಯಲ್ಲಿ ಫಿಲಂ ತೊಳೆಯಬಹುದು! ನಿಜವಾಗಿಯೂ! ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಪುಡಿ, ನೀರು. ಇಷ್ಟೇ ಸಾಮಾನು. 1995ರಲ್ಲಿ ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಒಂದು ತರಗತಿಯಲ್ಲಿ ಕಾಫಿಯಿಂದ ಫಿಲಂ ತೊಳೆದು ತೋರಿಸಿದರು. ಇದಕ್ಕೆ 'ಕ್ಯಾಫೆನಾಲ್' ಎಂಬ ಹೆಸರೂ ಬಿತ್ತು. ಕಾಫಿಯಲ್ಲಿರುವ ಒಂದು ಆಮ್ಲ ಬೆಳ್ಳಿಯ ಹರಳುಗಳನ್ನು ಕಪ್ಪಾಗಿಸುತ್ತದೆ. ದುಬಾರಿ ಕಾಫಿ ಬೇಡವೇ ಬೇಡ, ಅಗ್ಗದ ರೊಬಸ್ಟಾ ಪುಡಿಯೇ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದಂತೆ! ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನದವರೇ, ಕೇಳಿಸಿತೇ? ವಾಸನೆ ಮಾತ್ರ ಭಯಂಕರ. ಕಿಟಕಿ ತೆರೆದಿಡಿ. ಮತ್ತೆ, ಆ ಕಾಫಿಯನ್ನು ಯಾರೂ ಕುಡಿಯದಂತೆ ನೋಡಿಕೊಳ್ಳಿ!

ಮನೆಮನೆ ತಿರುಗಿ ಹಳೇ ಎಕ್ಸ್‌ರೇ ಹಾಳೆ ಕೊಳ್ಳುವವರನ್ನು ಕಂಡಿದ್ದೀರಾ? ಅವರಿಗೆ ನಿಮ್ಮ ಮುರಿದ ಕೈಯ ಚಿತ್ರ ಬೇಕಿಲ್ಲ. ಬೇಕಾದದ್ದು ಅದರಲ್ಲಿರುವ ಬೆಳ್ಳಿ! ಸ್ಟುಡಿಯೋದಲ್ಲಿ ಫಿಲಂ ತೊಳೆದು ಉಳಿದ ಹೈಪೊ ಎಂಬ ರಾಸಾಯನಿಕದ ನೀರಿನಲ್ಲೂ ಬೆಳ್ಳಿ ಇರುತ್ತದೆ. ಅದನ್ನೂ ಬೇರ್ಪಡಿಸಿ ತೆಗೆಯುತ್ತಾರೆ.

ಹಳೆಯ ಕಾಲದ ಫಿಲಂ ನೀರಿನೊಳಗೂ ಉರಿಯುತ್ತಿತ್ತು! ಅದನ್ನು ಮಾಡುತ್ತಿದ್ದುದು ನೈಟ್ರೋಸೆಲ್ಯುಲೋಸ್‌ನಿಂದ. ತೋಪಿನ ಸಿಡಿಮದ್ದಿಗೆ ಬಳಸುವ ವಸ್ತುವಿನ ಖಾಸಾ ಸಂಬಂಧಿ ಅದು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. 2003ರಲ್ಲಿ ಪುಣೆಯಲ್ಲಿ ಇಂಥ ಫಿಲಂಗಳ ದಾಸ್ತಾನಿಗೆ ಬೆಂಕಿ ಬಿದ್ದು ನಮ್ಮ ದೇಶದ ಎಷ್ಟೋ ಹಳೆಯ ಚಿತ್ರಗಳು ಬೂದಿಯಾದವು. ನೆನೆದರೆ ಹೊಟ್ಟೆ ಉರಿಯುತ್ತದೆ.

ಈ ಮೆದು ಫಿಲಂ ಸುರುಳಿಗೆ ಪೇಟೆಂಟ್ ಕೇಳಿದವರಲ್ಲಿ ಒಬ್ಬರು ಪಾದ್ರಿ! ಅಮೆರಿಕದ ನ್ಯೂಆರ್ಕ್‌ನ ಹ್ಯಾನಿಬಲ್ ಗುಡ್‌ವಿನ್. ಬೈಬಲ್ ಪಾಠಕ್ಕೆ ಚಿತ್ರ ತೋರಿಸಲು ಗಾಜಿಗಿಂತ ಹಗುರವಾದದ್ದು ಬೇಕಿತ್ತು ಅವರಿಗೆ. 1887ರಲ್ಲಿ ಅರ್ಜಿ ಹಾಕಿದರು. ಪೇಟೆಂಟ್ ಸಿಕ್ಕಿದ್ದು 1898ರಲ್ಲಿ. 1900ರಲ್ಲಿ ತೀರಿಕೊಂಡರು. ಆ ಪೇಟೆಂಟಿನ ಜಗಳ ಮುಗಿಸಲು 1914ರಲ್ಲಿ ಕೊಡಕ್ ಕಂಪನಿ 50 ಲಕ್ಷ ಡಾಲರ್ ತೆರಬೇಕಾಯಿತು!

1888ರ ಮೊದಲ ಕೊಡಕ್ ಕ್ಯಾಮೆರಾದಲ್ಲಿ ಫೋಟೋಗಳು ದುಂಡಗೆ ಬರುತ್ತಿದ್ದವು! ಒಳಗೆ 100 ಚಿತ್ರಗಳಿಗಾಗುವಷ್ಟು ಫಿಲಂ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ. ಎಷ್ಟು ತೆಗೆದಿರಿ ಎಂದು ಎಣಿಸುವ ಮುಳ್ಳೂ ಇಲ್ಲ. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ 10 ಡಾಲರ್ ಜತೆ ಕಾರ್ಖಾನೆಗೆ ಕಳಿಸಬೇಕು. ಫೋಟೋಗಳೂ, ಹೊಸ ಫಿಲಂ ತುಂಬಿದ ಕ್ಯಾಮೆರಾವೂ ವಾಪಸ್!

ನಾವೆಲ್ಲ ಬಳಸಿದ 36 ಫೋಟೋಗಳ ರೋಲ್ ಇದೆಯಲ್ಲ, ಅದು ಮೂಲತಃ ಸಿನಿಮಾ ರೀಲು. ಎಡಿಸನ್‌ನ ಪ್ರಯೋಗಾಲಯದಲ್ಲಿ ವಿಲಿಯಂ ಡಿಕ್ಸನ್ 70 ಮಿಲಿಮೀಟರ್ ಅಗಲದ ಫಿಲಂ ಅನ್ನು ಉದ್ದುದ್ದ ಎರಡಾಗಿ ಸೀಳಿದ. 35 ಆಯಿತು! ಮುಂದೆ ಜರ್ಮನಿಯ ಆಸ್ಕರ್ ಬರ್ನಾಕ್ ಅದಕ್ಕೆಂದೇ ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾ ಮಾಡಿದ. 1925ರಲ್ಲಿ ಅದು 'ಲೈಕಾ' ಎಂಬ ಹೆಸರಲ್ಲಿ ಅಂಗಡಿಗೆ ಬಂತು. ಆ ಅಳತೆ ಇವತ್ತಿಗೂ ಬದಲಾಗಿಲ್ಲ!

ಈಗ ಬಣ್ಣಕ್ಕೆ ಬರೋಣ. ಜಗತ್ತಿನ ಅತಿ ಪ್ರಸಿದ್ಧ ಕಲರ್ ಫಿಲಂ ಕೊಡಕ್ರೋಮ್. ಅದನ್ನು ಕಂಡುಹಿಡಿದವರು ಇಬ್ಬರು ಸಂಗೀತಗಾರರು! ಲಿಯೊಪೋಲ್ಡ್ ಮನ್ನೆಸ್ ಪಿಯಾನೊ ನುಡಿಸುವವರು. ಲಿಯೊಪೋಲ್ಡ್ ಗೊಡೋಸ್ಕಿ ಪಿಟೀಲು ವಾದಕರು. ಕತ್ತಲೆ ಕೋಣೆಯಲ್ಲಿ ಗಡಿಯಾರ ಕಾಣದು. ಆದರೆ ಸೆಕೆಂಡುಗಳ ಲೆಕ್ಕ ತಪ್ಪುವಂತಿಲ್ಲ. ಇವರೇನು ಮಾಡಿದರು ಗೊತ್ತೇ? ಬ್ರಾಮ್ಸ್‌ನ ಸಿಂಫನಿಯನ್ನು ತಾಳ ತಪ್ಪದೆ ಸಿಳ್ಳೆ ಹಾಕುತ್ತ ಸಮಯ ಅಳೆದರು! 1935ರಲ್ಲಿ ಫಿಲಂ ಮಾರುಕಟ್ಟೆಗೆ ಬಂತು.

ಆ ಕೊಡಕ್ರೋಮ್‌ನ ಕೊನೆಯ ರೋಲ್ ಭಾರತಕ್ಕೆ ಬಂದಿತ್ತು! 2009ರಲ್ಲಿ ತಯಾರಿಕೆ ನಿಂತಾಗ ಕಾರ್ಖಾನೆಯಿಂದ ಹೊರಬಂದ ಕಟ್ಟಕಡೆಯ ರೋಲನ್ನು ಛಾಯಾಗ್ರಾಹಕ ಸ್ಟೀವ್ ಮೆಕರಿ ಪಡೆದುಕೊಂಡರು. ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಫೋಟೋ ತೆಗೆದವರು ಅವರೇ, ಅದೂ ಕೊಡಕ್ರೋಮ್‌ನಲ್ಲೇ. ಕೈಯಲ್ಲಿ ಬರೀ 36 ಚಿತ್ರ. ಆಮೇಲೆ ಹೊಸ ರೋಲೇ ಇಲ್ಲ. ನೀವಾಗಿದ್ದರೆ ಏನು ತೆಗೆಯುತ್ತಿದ್ದಿರಿ? ಅವರು ನ್ಯೂಯಾರ್ಕ್‌ನಲ್ಲಿ ಕೆಲವು ತೆಗೆದರು. ಮುಂಬೈ ಸಿನಿಮಾದ ಅಮಿತಾಭ್ ಬಚ್ಚನ್, ಆಮಿರ್ ಖಾನ್, ನಂದಿತಾ ದಾಸ್‌ರನ್ನು ತೆಗೆದರು. ರಾಜಸ್ಥಾನದ ರಬಾರಿ ಜನರನ್ನು ತೆಗೆದರು. ರೋಲ್ ತೊಳೆಸಲು ಕಾನ್ಸಾಸ್‌ನ ಪಾರ್ಸನ್ಸ್ ಎಂಬ ಸಣ್ಣ ಊರಿಗೆ ತಾವೇ ಹೋದರು. ಕೊಡಕ್ರೋಮ್ ತೊಳೆಯುವ ಲ್ಯಾಬ್ ಆಗ ಇಡೀ ಭೂಮಿಯ ಮೇಲೆ ಅದೊಂದೇ ಉಳಿದಿತ್ತು!

ಊಟಿಯಲ್ಲೂ ಫಿಲಂ ತಯಾರಾಗುತ್ತಿತ್ತು, ನೆನಪಿದೆಯೇ? ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲಂಸ್. 'ಇಂದು' ಎಂಬ ಹೆಸರಿನ ರೋಲ್. ಊಟಿಯೇ ಯಾಕೆ? ತಂಪು ಹವೆ, ಧೂಳಿಲ್ಲದ ಗಾಳಿ!

ಮೊಟ್ಟಮೊದಲ ಅಣುಬಾಂಬ್ ಪರೀಕ್ಷೆಯ ಗುಟ್ಟು ಫಿಲಂ ಕಂಪನಿಗೆ ಸಿಕ್ಕಿಬಿತ್ತು! 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಬಾಂಬ್ ಸಿಡಿಯಿತು. ಪರಮ ರಹಸ್ಯ. ಅದಾದ ಮೇಲೆ ಕೊಡಕ್‌ಗೆ ದೂರುಗಳು ಬಂದವು: ಹೊಸ ಎಕ್ಸ್‌ರೇ ಫಿಲಂಗಳಲ್ಲಿ ಕಪ್ಪು ಚುಕ್ಕೆಗಳು! ಕಂಪನಿಯ ವಿಜ್ಞಾನಿ ಜೂಲಿಯನ್ ವೆಬ್ ಬೆನ್ನು ಹತ್ತಿದರು. ಫಿಲಂಗಳ ನಡುವೆ ಇಡುವ ರಟ್ಟಿನಲ್ಲಿ ವಿಕಿರಣ ಇತ್ತು. ಆ ರಟ್ಟು ತಯಾರಾದದ್ದು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರದ ಇಂಡಿಯಾನಾದಲ್ಲಿ. ಬಾಂಬಿನ ಧೂಳು ಮಳೆಯ ಜತೆ ಅಲ್ಲಿನ ನದಿಗೆ ಇಳಿದು, ನದಿಯಿಂದ ರಟ್ಟಿನ ಕಾರ್ಖಾನೆಗೆ ಹೋಗಿತ್ತು! ಮುಂದೆ 1951ರ ಹೊತ್ತಿಗೆ ಸರ್ಕಾರ ಒಂದು ಒಪ್ಪಂದಕ್ಕೆ ಬಂತು: ಪರೀಕ್ಷೆಗೆ ಮುಂಚೆ ಫಿಲಂ ಕಂಪನಿಗಳಿಗೆ ತಿಳಿಸುವುದು. ಊರ ಜನರಿಗೆ ಹೇಳದ ಮಾತು ಫಿಲಂ ಕಂಪನಿಗೆ ಹೋಗುತ್ತಿತ್ತು!

ಚಂದ್ರನ ಬೆನ್ನಿನ ಮೊದಲ ಫೋಟೋ ಬಾಹ್ಯಾಕಾಶದಲ್ಲೇ ತೊಳೆದದ್ದು! 1959ರಲ್ಲಿ ಸೋವಿಯತ್ ನೌಕೆ ಲೂನಾ-3 ಚಿತ್ರ ತೆಗೆದು, ತನ್ನೊಳಗೇ ಫಿಲಂ ತೊಳೆದು, ಒಣಗಿಸಿ, ರೇಡಿಯೊ ಮೂಲಕ ಭೂಮಿಗೆ ಕಳಿಸಿತು. ಆ ಫಿಲಂ ಎಲ್ಲಿಂದ ಬಂತು? ಸೋವಿಯತ್ ಆಕಾಶದಲ್ಲಿ ಗೂಢಚರ್ಯೆಗೆ ಅಮೆರಿಕ ಹಾರಿಬಿಟ್ಟಿದ್ದ ಬಲೂನುಗಳಿಂದ! ಸಿಕ್ಕಿಬಿದ್ದ ಬಲೂನುಗಳ ಗಟ್ಟಿ ಫಿಲಂ ಅನ್ನೇ ಬಿಚ್ಚಿ ಬಳಸಿದ್ದರೆಂದು ಆಮೇಲೆ ಹೊರಬಂತು.

ಅಮೆರಿಕದ ಕೊರೋನಾ ಎಂಬ ಗೂಢಚಾರಿ ಉಪಗ್ರಹಗಳೂ ಫಿಲಂನಲ್ಲೇ ಚಿತ್ರ ತೆಗೆಯುತ್ತಿದ್ದವು. ರೋಲ್ ತುಂಬಿದರೆ? ಮೇಲಿನಿಂದ ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಡುವುದು. ಕೆಳಗೆ ಕಾಯುತ್ತಿರುವ ವಿಮಾನ ಕೊಕ್ಕೆ ಹಾಕಿ ಗಾಳಿಯಲ್ಲೇ ಹಿಡಿಯುವುದು! 1960ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಿಡಿದೇ ಬಿಟ್ಟರು.

ಚಂದ್ರನ ಮೇಲೆ ಇವತ್ತಿಗೂ 12 ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳು ಬಿದ್ದಿವೆ! ಮರಳುವಾಗ ಭಾರ ಕಡಿಮೆ ಮಾಡಬೇಕಿತ್ತು. ಗಗನಯಾತ್ರಿಗಳು ಫಿಲಂ ಮಾತ್ರ ತಂದರು.

ಫಿಲಂ ಎಷ್ಟು ವರ್ಷ ಕಾಯಬಲ್ಲದು? ಈ ಕಥೆ ಓದಿ. 1897ರಲ್ಲಿ ಸ್ವೀಡನ್ನಿನ ಮೂವರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಆಂಡ್ರೆ, ಸ್ಟ್ರಿಂಡ್‌ಬೆರಿ, ಫ್ರೆಂಕೆಲ್. ಮೂರನೇ ದಿನಕ್ಕೇ ಬಲೂನು ಮಂಜಿನ ಮೇಲೆ ಕುಸಿಯಿತು. ಹಿಮದ ಮೇಲೆ ತಿಂಗಳುಗಟ್ಟಲೆ ನಡೆದು ಒಂದು ನಿರ್ಜನ ದ್ವೀಪ ಸೇರಿದರು. ಅಲ್ಲೇ ಮಡಿದರು. ಎಲ್ಲಿ ಹೋದರೆಂದು 33 ವರ್ಷ ಯಾರಿಗೂ ತಿಳಿಯಲಿಲ್ಲ. 1930ರಲ್ಲಿ ಶವಗಳ ಜತೆ ಕ್ಯಾಮೆರಾದ ಫಿಲಂಗಳೂ ಸಿಕ್ಕವು. ಸ್ಟಾಕ್‌ಹೋಮ್‌ನ ಜಾನ್ ಹರ್ಟ್ಸ್‌ಬೆರಿ ಅವನ್ನು ಎಚ್ಚರದಿಂದ ತೊಳೆದರು. 240ರಲ್ಲಿ 93 ಚಿತ್ರಗಳು ಉಳಿದುಬಂದವು! ಬಿದ್ದ ಬಲೂನಿನ ಮುಂದೆ ನಿಂತ ಮನುಷ್ಯರು, ಸತ್ತ ಹಿಮಕರಡಿ, ಜಾರುಬಂಡಿ. ಎಲ್ಲ ಕಣ್ಣೆದುರು!

ಅಂಟಾರ್ಕ್ಟಿಕಾದ್ದು ಇನ್ನೂ ದೊಡ್ಡ ಕಾಯುವಿಕೆ. 2013ರಲ್ಲಿ ಧ್ರುವಯಾತ್ರಿಕ ಕ್ಯಾಪ್ಟನ್ ಸ್ಕಾಟ್‌ನ ಹಳೆಯ ಗುಡಿಸಲಿನಲ್ಲಿ ಮಂಜು ಹಿಡಿದು ಅಂಟಿಕೊಂಡಿದ್ದ 22 ನೆಗೆಟಿವ್‌ಗಳು ಸಿಕ್ಕವು. ಸುಮಾರು ನೂರು ವರ್ಷ ಹಳೆಯವು. ಒಂದೊಂದನ್ನೇ ಬಿಡಿಸಿದರೆ ಮುಖಗಳು ಕಂಡವು!

ನಮ್ಮ ಹಂಪಿಯದ್ದೂ ಒಂದಿದೆ. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೋ ತೆಗೆದ. ಆಗ ಫಿಲಂ ಎಲ್ಲಿತ್ತು? ಮೇಣ ಹಚ್ಚಿದ ದೊಡ್ಡ ಕಾಗದಗಳೇ ನೆಗೆಟಿವ್! ಆ ಕಾಗದಗಳು ಉಳಿದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ!

ಗ್ಯಾರಿ ವಿನೊಗ್ರಾಂಡ್ ಎಂಬ ಅಮೆರಿಕದ ಛಾಯಾಗ್ರಾಹಕರು ತೆಗೆದ ರೋಲನ್ನು ಬೇಕೆಂದೇ ವರ್ಷಗಟ್ಟಲೆ ತೊಳೆಯುತ್ತಿರಲಿಲ್ಲ. ತೆಗೆದ ಕ್ಷಣದ ಖುಷಿ ಮರೆತ ಮೇಲೆಯೇ ಚಿತ್ರ ಚೆನ್ನಾಗಿದೆಯೋ ಇಲ್ಲವೋ ತಿಳಿಯುತ್ತದೆ ಎಂಬುದು ಅವರ ನಂಬಿಕೆ. 1984ರಲ್ಲಿ ತೀರಿಕೊಂಡಾಗ ತೊಳೆಯದ ರೋಲ್‌ಗಳು ಸುಮಾರು 2,500!

ಇವತ್ತಿನ ಡಿಜಿಟಲ್ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ. ಆ ವೇಗದಲ್ಲಿ 36ರ ರೋಲ್ ಎರಡು ಸೆಕೆಂಡಿಗೆ ಮುಗಿದೇ ಹೋಗುತ್ತದೆ! ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಇಂಥ ರೋಲ್‌ಗಳನ್ನು ಹಿಡಿದೇ ಕಾಡಿಗೆ ಹೋದವರು. ಆನೆ ತಿರುಗುವವರೆಗೆ, ಗೂಬೆ ಕಣ್ಣು ಬಿಡುವವರೆಗೆ ಕಾದರು. ಅವರ ಕಪ್ಪು-ಬಿಳುಪು ಚಿತ್ರಗಳನ್ನು ಈಗಲೂ ನೋಡಿ, ಒಂದೂ ಅಡ್ಡಾದಿಡ್ಡಿ ಕ್ಲಿಕ್ ಅಲ್ಲ!

ಮೊದಲ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದು ಫಿಲಂ ಕಂಪನಿಯಲ್ಲೇ! 1975ರಲ್ಲಿ ಕೊಡಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ್ದು. ತೂಕ 3.6 ಕಿಲೋ. ಒಂದು ಚಿತ್ರ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡು! 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಫಿಲಂ ಕಥೆ ಮುಗಿಯಿತು ಎಂದರು ಎಲ್ಲರೂ.

ಮುಗಿಯಲಿಲ್ಲ! ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲಂ ಅನ್ನು ಕೊಡಕ್ 2018ರಲ್ಲಿ ಮತ್ತೆ ತಂದಿತು. ಪೋಲರಾಯ್ಡ್ 2008ರಲ್ಲಿ ಕೈಬಿಟ್ಟ ಕೊನೆಯ ಫಿಲಂ ಕಾರ್ಖಾನೆಯನ್ನು ಕೆಲವರು ಹುಚ್ಚು ಪ್ರೀತಿಯಿಂದ ಉಳಿಸಿಕೊಂಡರು. ಅದು ನೆದರ್ಲೆಂಡ್ಸ್‌ನಲ್ಲಿದೆ. ಆ ಗುಂಪಿನ ಹೆಸರೇ 'ಅಸಾಧ್ಯ ಯೋಜನೆ'. ಈಗ ಪೋಲರಾಯ್ಡ್ ಎಂಬ ಹೆಸರೂ ಅವರದ್ದೇ!

2023ರ 'ಓಪನ್‌ಹೈಮರ್' ಸಿನಿಮಾಕ್ಕೆಂದೇ ಕೊಡಕ್ ಅದುವರೆಗೆ ಇಲ್ಲದ ಐಮ್ಯಾಕ್ಸ್ ಅಳತೆಯ ಕಪ್ಪು-ಬಿಳುಪು ಫಿಲಂ ತಯಾರಿಸಿತು. ಆ ಸಿನಿಮಾದ ಐಮ್ಯಾಕ್ಸ್ ಪ್ರಿಂಟ್ ಬಿಚ್ಚಿದರೆ ಸುಮಾರು 18 ಕಿಲೋಮೀಟರ್ ಉದ್ದ!

2024ರಲ್ಲಿ ಪೆಂಟಾಕ್ಸ್ ಹೊಚ್ಚಹೊಸ ಫಿಲಂ ಕ್ಯಾಮೆರಾ ಬಿಟ್ಟಿತು. ಒಂದು ಫೋಟೋದ ಜಾಗದಲ್ಲಿ ಎರಡು ತೆಗೆಯುತ್ತದೆ, 36ರ ರೋಲ್‌ನಲ್ಲಿ 72. ಚಿತ್ರ ಬರುವುದು ಉದ್ದುದ್ದಕ್ಕೆ. ಯಾಕೆ ಹೇಳಿ? ಮೊಬೈಲ್ ಪರದೆ ಇರುವುದು ಹಾಗೇ ಅಲ್ಲವೇ!

ಕೊನೆಯದಾಗಿ ಒಂದು ಕೆಲಸ. ಮನೆಯ ಅಟ್ಟದಲ್ಲೋ ಬೀರುವಿನಲ್ಲೋ ಹಳೆಯ ಕ್ಯಾಮೆರಾ ಇದೆಯೇ? ಹಿಂಬದಿಯ ಬಾಗಿಲು ತೆರೆಯಬೇಡಿ! ಒಳಗೆ ಅರ್ಧ ಮುಗಿದ ರೋಲ್ ಇರಬಹುದು. ಮೊದಲು ಸುತ್ತುವ ಹಿಡಿಕೆ ತಿರುಗಿಸಿ ರೋಲನ್ನು ಡಬ್ಬಿಯೊಳಕ್ಕೆ ಸೇರಿಸಿ. ಆಮೇಲೆ ತೆಗೆಯಿರಿ. ಕೊರಿಯರ್‌ನಲ್ಲಿ ಕಳಿಸಿದರೆ ರೋಲ್ ತೊಳೆದು, ಸ್ಕ್ಯಾನ್ ಮಾಡಿ, ಚಿತ್ರಗಳನ್ನು ಮೊಬೈಲಿಗೇ ಕಳಿಸುವ ಲ್ಯಾಬ್‌ಗಳು ನಮ್ಮ ದೇಶದಲ್ಲಿ ಈಗಲೂ ಇವೆ. ಬಣ್ಣ ಮಾಸಿರಬಹುದು, ಮಸುಕಾಗಿರಬಹುದು. ಆದರೂ ಮೂವತ್ತು ವರ್ಷದ ಹಿಂದಿನ ಯಾರದೋ ನಾಮಕರಣ ಅದರಲ್ಲಿ ಸಿಕ್ಕಿಬಿಟ್ಟರೆ!