ಕರುಳುಬೇನೆ: ಹೆಸರು ಕರುಳಿನದು, ಮೂಲ ನೀರಿನದು

ಹೊಸ ಮಳೆ ಬಿದ್ದ ದಿನಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸುದ್ದಿಗಳಲ್ಲಿ ‘ಕರುಳುಬೇನೆ’ ಎಂಬ ಪದ ಕಾಣಿಸಿಕೊಳ್ಳುವುದುಂಟು. ಏನಿದು ಕರುಳುಬೇನೆ? ವಾಂತಿಭೇದಿ ಎಂದರೂ ಇದೇ ಏನು? ಕಾಲರಾ ಬೇರೆಯೇ?

‘ಕರುಳು’ ಅಚ್ಚಗನ್ನಡ ಪದ. ‘ಬೇನೆ’ ಸಂಸ್ಕೃತದ ‘ವೇದನೆ’ಯ ತದ್ಭವ. ನೋವು, ಕಾಯಿಲೆ ಎರಡಕ್ಕೂ ಅದೇ ಮಾತು. ಹೆರಿಗೆ ಬೇನೆ ಎಂದರೆ ನೋವು; ಈ ಸೀಮೆಯವರು ‘ಬ್ಯಾನಿ ಬ್ಯಾಸರಿಕಿ’ ಎಂದರೆ ಕಾಯಿಲೆ ಕಸಾಲೆ. ವೈದ್ಯರು ‘ಗ್ಯಾಸ್ಟ್ರೊಎಂಟರೈಟಿಸ್’ ಎನ್ನುವುದನ್ನು ಪತ್ರಿಕೆಗಳು ಕರುಳುಬೇನೆ ಎಂದು ಬರೆಯುತ್ತ ಬಂದಿವೆ. ಆ ಪದದ ಬೇರು ಗ್ರೀಕ್ ಭಾಷೆಯದು: ಗ್ಯಾಸ್ಟರ್ ಎಂದರೆ ಜಠರ, ಎಂಟರಾನ್ ಎಂದರೆ ಕರುಳು, ಕೊನೆಯ ‘ಐಟಿಸ್’ ಉರಿಯೂತದ ಸೂಚನೆ. ಕನ್ನಡಕ್ಕೆ ಬರುವಾಗ ಜಠರ ಬಿಟ್ಟುಹೋಗಿ ಕರುಳಷ್ಟೇ ಉಳಿಯಿತು.

ಜನರ ಬಾಯಲ್ಲಿ ಇದು ವಾಂತಿಭೇದಿ. ‘ಭೇದಿ’ಯ ಮೂಲ, ಒಡೆ, ಸೀಳು ಎಂಬರ್ಥದ ಸಂಸ್ಕೃತ ಧಾತು ‘ಭಿದ್’. ಆಯುರ್ವೇದದಲ್ಲಿ ಇನ್ನೊಂದು ಹೆಸರಿದೆ, ವಿಷೂಚಿಕಾ. ಸೂಜಿ ಚುಚ್ಚಿದಂಥ ನೋವಿನಿಂದ ಬಂದ ಹೆಸರು ಅದು. ಕಾಲರಾ ಮಾತ್ರ ಒಂದು ನಿರ್ದಿಷ್ಟ ರೋಗಾಣುವಿನಿಂದ ಬರುವ ಕಾಯಿಲೆ. ಎಲ್ಲ ವಾಂತಿಭೇದಿಯೂ ಕಾಲರಾ ಅಲ್ಲ.

ಈ ಹೆಸರುಗಳಲ್ಲಿ ಒಂದೂ ಕಾಯಿಲೆ ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಒಂದು ರೋಗದ ಜಾಗ ಹೇಳುತ್ತದೆ, ಇನ್ನೊಂದು ಲಕ್ಷಣ ಹೇಳುತ್ತದೆ. ಹಾಗಾಗಿ ‘ಉಂಡದ್ದು ಹಿಡಿಸಲಿಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಒಂದೇ ಓಣಿಯ ಹತ್ತಾರು ಮನೆಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡರೆ ಮೊದಲು ಶಂಕಿಸಬೇಕಾದದ್ದು ಕುಡಿಯುವ ನೀರನ್ನು. 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ಸತ್ತರು. ಒಡೆದ ಪೈಪಿನ ಪಕ್ಕ ಚರಂಡಿ ಹರಿದರೆ ಸಾಕು, ನೀರಿನ ಒತ್ತಡ ಇಲ್ಲದ ಹೊತ್ತಿನಲ್ಲಿ ಕೊಳಚೆ ಒಳಗೆ ಸೇರುತ್ತದೆ.

ಸಾವಿಗೆ ಮುಖ್ಯ ಕಾರಣ ದೇಹದ ನೀರು, ಲವಣ ಬರಿದಾಗುವುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ‘ಭೇದಿಯಾಗುವಾಗ ನೀರು ಕೊಡಬಾರದು’ ಎಂಬ ಮಾತು ಪ್ರಾಣಕ್ಕೇ ಎರವಾಗುತ್ತದೆ.

ಬೇನೆ ಕರುಳಿನದಾದರೂ ಮದ್ದು ಮೊದಲು ಬೀಳಬೇಕಾದದ್ದು ಊರಿನ ನೀರಿನ ಟ್ಯಾಂಕಿಗೆ.