ಕಮಾನಿನ ಪಟ್ಟಿ ಹೆಚ್ಚಿಸಿದರೆ ಲಾರಿಯ ಸಾಮರ್ಥ್ಯ ಹೆಚ್ಚುವುದೇ?

ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕಪ್ಪು ಶಿಲೆಗಳನ್ನು ಸಾಗಿಸುವ ಲಾರಿಗಳು ಹೆದ್ದಾರಿ ಸೇರುವ ಮುನ್ನ ಕ್ವಾರಿಯ ಹಳ್ಳ-ದಿಣ್ಣೆಗಳ ಹಾದಿಯನ್ನು ಕ್ರಮಿಸಬೇಕಾಗುತ್ತದೆ. ಇಂತಹ ಹಾದಿಗೆಂದು ಹಿಂದಿನ ಕಮಾನಿಗೆ ಒಂದೆರಡು ಪಟ್ಟಿಗಳನ್ನು ಹೆಚ್ಚಿಗೆ ಹಾಕಿಸುವುದುಂಟು. ಅದರಿಂದ ಹೊರೆ ಹೊರುವ ಸಾಮರ್ಥ್ಯವೂ ಹೆಚ್ಚಿತೆಂದು ಭಾವಿಸುವುದು ಮಾತ್ರ ತಪ್ಪು.

ಒಂದೇ ಅಳತೆಯ ಹತ್ತು ಪಟ್ಟಿಗಳಿಗೆ ಎರಡನ್ನು ಸೇರಿಸಿದರೆ ಕಮಾನಿನ ಬಿಗಿ ಸುಮಾರು ಶೇ. 20ರಷ್ಟು ಏರುತ್ತದೆ, ಲಾರಿ ಕಡಿಮೆ ಕುಗ್ಗುತ್ತದೆ. ಆದರೆ ಅಚ್ಚು, ಬೇರಿಂಗ್, ಟೈರು, ಬ್ರೇಕುಗಳು ಮೊದಲಿನವೇ ಆಗಿರುತ್ತವೆ. ಅತಿಭಾರದ ಸೂಚನೆ ಮರೆಯಾಗುತ್ತದೆಯೇ ಹೊರತು ಅತಿಭಾರವಲ್ಲ. ಮೇಲಾಗಿ, ಸೇರಿಸಿದ ಪಟ್ಟಿಗಳ ತೂಕವೂ ಸರಕಿನ ಪಾಲಿನಿಂದಲೇ ಕಳೆಯುತ್ತದೆ.

2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೂ, ಎರಡು ಅಚ್ಚುಗಳ ಲಾರಿಯ ಒಟ್ಟು ತೂಕವನ್ನು 16.2ರಿಂದ 18.5 ಟನ್‌ಗೂ ಏರಿಸಿತು. ಉದಾಹರಣೆಗೆ, 6.5 ಟನ್ ತೂಗುವ ಖಾಲಿ ಲಾರಿಯ ಹಿಂದಿನ ಅಚ್ಚಿನ ಮೇಲೆ 3 ಟನ್ ಇದೆಯೆನ್ನೋಣ. ಘನ ಮೀಟರಿಗೆ ಸುಮಾರು 2.7 ಟನ್ ತೂಗುವ ಗ್ರಾನೈಟಿನ 10 ಟನ್ ದಿಮ್ಮಿಯನ್ನು ನೇರವಾಗಿ ಆ ಅಚ್ಚಿನ ಮೇಲಿಟ್ಟರೆ ಒಟ್ಟು ತೂಕ 16.5 ಟನ್, ಮಿತಿಯೊಳಗೇ ಇದೆ. ಆದರೆ ಹಿಂದಿನ ಅಚ್ಚಿನ ಭಾರ 13 ಟನ್! ದಿಮ್ಮಿಯ ಮಧ್ಯಭಾಗವನ್ನು ಅಚ್ಚುಗಳ ನಡುವಣ ಅಂತರದ ಐದನೇ ಒಂದು ಪಾಲಿನಷ್ಟು ಮುಂದಕ್ಕೆ ಸರಿಸಿದರೆ ಅದು 11 ಟನ್‌ಗೆ ಇಳಿಯುತ್ತದೆ. ಇದಕ್ಕೆ ಪಟ್ಟಿಯ ಖರ್ಚು ಬೇಕಿಲ್ಲ.

ಟ್ರೇಲರ್ ಎಳೆಯುವವರಿಗೂ ಇದೇ ನಿಯಮ. ಜೋಡಣೆಯ ಮೇಲೆ ಬೀಳುವ ಭಾರವು ಎಳೆಯುವ ವಾಹನದ ಹೊರೆಯೇ ಆಗಿದೆ. ಆ ಭಾರ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಬಿದ್ದಲ್ಲಿ ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಬಿಗಿಯಾದ ಕಮಾನು ವಾಹನವನ್ನು ಸಮತಟ್ಟಾಗಿ ತೋರಿಸೀತು. ಎಂಜಿನ್, ಕ್ಲಚ್, ಬ್ರೇಕುಗಳ ಎಳೆಯುವ ಮತ್ತು ತಡೆಯುವ ಶಕ್ತಿಯನ್ನು ಹೆಚ್ಚಿಸದು. ಎತ್ತರಿಸಿದ ಲಾರಿಯಂತೂ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು.

2019ರ ತಿದ್ದುಪಡಿಯ ಮೇರೆಗೆ ಮೋಟಾರು ವಾಹನ ಕಾಯ್ದೆಯ 194ನೇ ಪ್ರಕರಣದಲ್ಲಿ ಅತಿಭಾರಕ್ಕೆ ರೂ. 20,000 ದಂಡ, ಹೆಚ್ಚುವರಿ ಪ್ರತಿ ಟನ್‌ಗೆ ರೂ. 2,000 ವಿಧಿಸಲಾಗಿದೆ. ಚಾಲಕನಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣರಾದವರೂ ಹೊಣೆಗಾರರು. ಸರಕು ಹೇರಿಸುವ ವರ್ತಕರು ಇದನ್ನು ಮರೆಯಬಾರದು.

ಆದುದರಿಂದ ಪಟ್ಟಿ ಹಾಕಿಸಿದ ಲಾರಿಯನ್ನು ಮೊದಲು ಖಾಲಿಯಾಗಿಯೇ ತೂಗಿಸಿ, ನೋಂದಣಿ ಪತ್ರದ ಒಟ್ಟು ತೂಕದಿಂದ ಅದನ್ನು ಕಳೆಯಿರಿ. ಸರಕು ಹೇರಿದ ಬಳಿಕ ವೇಬ್ರಿಡ್ಜ್‌ನಲ್ಲಿ ಪ್ರತಿ ಅಚ್ಚನ್ನೂ ಬೇರೆ ಬೇರೆಯಾಗಿ ತೂಗಿಸಿ. ಲಾರಿ ಎಷ್ಟು ಕುಗ್ಗಿದೆಯೆಂಬುದನ್ನು ಕಂಡು ಹೊರೆಯನ್ನು ಅಂದಾಜು ಮಾಡುವ ಕಾಲ ಮುಗಿಯಿತು.