ಗರ್ಭಸ್ಥ ಶಿಶುವಿನ ರಕ್ತಹೀನತೆ

“ಗುಳಿಗಿ ಒಂದು ದಿನಾನೂ ತಪ್ಪಿಸಿಲ್ರೀ ಮಾಸ್ತರ, ಸೊಪ್ಪು, ಬೆಲ್ಲ ಎಲ್ಲಾ ತಿನ್ನಿಸೀವಿ. ಮತ್ತ ಹೊಟ್ಯಾಗಿನ ಕೂಸಿಗಿ ರಕ್ತ ಇಲ್ಲಂತಾರಲ್ಲ, ಅದು ಹೆಂಗ್ರೀ?” ಎಂದು ಮಸ್ಕಿಯ ಸಮೀಪದ ಹಳ್ಳಿಯ ವೃದ್ಧೆಯೊಬ್ಬರು ನಮ್ಮನ್ನು ಕೇಳಿದರು. ಆಕೆಯ ಮಗನು ಹಿಂದೆ ನಮ್ಮಲ್ಲಿ ಓದಿದವನು. ಸೊಸೆಯು ಮೂರನೆಯ ಸಲ ಗರ್ಭಿಣಿಯಾಗಿದ್ದಳು. ಪ್ರಶ್ನೆಯು ಸಹಜವಾದುದೇ ಆಗಿತ್ತು. ಉತ್ತರವಾದರೋ ಆಗ ನಮಗೂ ತಿಳಿದಿರಲಿಲ್ಲ. ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಗೃಹಿಣಿಯರ ಅವಗಾಹನೆಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲೂಕುಗಳಲ್ಲಿ ಬಸುರಿಯ ರಕ್ತಹೀನತೆಯೆಂದರೆ ಯಾರಿಗೂ ಹೊಸ ಮಾತಲ್ಲ. ನಮ್ಮ ಪ್ರಾಚೀನರು ಪಾಂಡುರೋಗವೆಂದು ಕರೆದುದೂ ಬಹುಮಟ್ಟಿಗೆ ಇದನ್ನೇ. ತಾಯಿಗೆ ಕಬ್ಬಿಣಾಂಶವು ಕಡಿಮೆಯಾದರೆ ಗುಳಿಗೆ ಕೊಡುತ್ತಾರೆ; ಆಕೆ ಚೇತರಿಸಿಕೊಳ್ಳುತ್ತಾಳೆ. ಆದರೆ ಶಿಶುವಿನ ರಕ್ತಹೀನತೆ ಬೇರೆ. ತಾಯಿಯ ಕೆನ್ನೆ ಕೆಂಪಗಿದ್ದು ಗರ್ಭದೊಳಗಿನ ಕೂಸು ಬಿಳಿಚಿಕೊಳ್ಳುತ್ತಿರಬಹುದು. ಇದಕ್ಕೆ ಗುಳಿಗೆಯೂ ಇಲ್ಲ, ಸೊಪ್ಪೂ ಇಲ್ಲ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ನಾಲ್ಕನೆಯ ಮಾಸದ ಗರ್ಭಿಣಿಯನ್ನು ದೌಹೃದಿನಿ, ಎಂದರೆ ಎರಡು ಹೃದಯಗಳುಳ್ಳವಳು ಎಂದು ಕರೆದಿದೆ. ಹೃದಯಗಳು ಎರಡಾದಂತೆ ರಕ್ತವೂ ಎರಡೇ. ಮಾಸಿನ ತೆಳುಪೊರೆಯ ಈಚೆ ತಾಯಿಯದು, ಆಚೆ ಶಿಶುವಿನದು. ಆಹಾರವೂ ಪ್ರಾಣವಾಯುವೂ ದಾಟುತ್ತವೆ, ರಕ್ತವು ಸಾಮಾನ್ಯವಾಗಿ ಬೆರೆಯದು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಇದ್ದು, ಶಿಶುವು ತಂದೆಯಿಂದ ಪಾಸಿಟಿವ್ ಗುಣವನ್ನು ಪಡೆದಿದ್ದರೆ, ಹೆರಿಗೆಯ ಕಾಲದಲ್ಲಿ ಕೂಸಿನ ಕೆಲವು ಹನಿ ರಕ್ತವು ತಾಯಿಯೊಳಕ್ಕೆ ಸೇರಿ, ಆಕೆಯ ದೇಹವು ಅದನ್ನು ಪರಕೀಯವೆಂದೆಣಿಸಿ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಆ ವೇಳೆಗೆ ಚೊಚ್ಚಲು ಕೂಸು ಹೊರಗೆ ಬಂದಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಬಾಧೆಯಿಲ್ಲ. ಮುಂದಿನ ಕೂಸೂ ಪಾಸಿಟಿವ್ ಆದರೆ, ಆ ಪ್ರತಿಕಾಯಗಳು ಮಾಸನ್ನು ದಾಟಿ ಅದರ ಕೆಂಪು ರಕ್ತಕಣಗಳನ್ನು ಒಡೆಯತೊಡಗುತ್ತವೆ. ಆರ್‌ಎಚ್ ಗುಣವನ್ನು 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬವರು ಪ್ರಕಟಿಸಿದರು. ಅದಕ್ಕೆ ಮುಂಚೆ “ಮಕ್ಕಳು ದಕ್ಕದವಳು” ಎಂಬ ಬಿರುದನ್ನು ಹೊತ್ತು ಬಾಳಿದ ಹೆಂಗಸರೆಷ್ಟೋ!

ನಮ್ಮ ಶಿಷ್ಯನ ಮನೆಯಲ್ಲಿ ನಡೆದುದೂ ಹೀಗೆಯೇ. ಚೊಚ್ಚಲು ಗಂಡುಕೂಸು ಗುಂಡಗಿತ್ತು. ಹೆರಿಗೆಯಾದ ಆಸ್ಪತ್ರೆಯಲ್ಲಿ ಆ ಹೆಣ್ಣುಮಗಳಿಗೆ ಹಾಕಲೇಬೇಕಾಗಿದ್ದ ಆಂಟಿ-ಡಿ ಚುಚ್ಚುಮದ್ದನ್ನು ಹಾಕಲಿಲ್ಲ. ಏಕೆಂದು ಕೇಳುವವರೂ ಇರಲಿಲ್ಲ. ಎರಡನೆಯದು ಎಂಟನೆಯ ತಿಂಗಳಲ್ಲಿ ಸತ್ತು ಹುಟ್ಟಿತು, ಮೈಯೆಲ್ಲ ಊದಿಕೊಂಡಿತ್ತಂತೆ. ಊರವರು ಆಕೆಯ ಕಾಲ್ಗುಣವನ್ನು ಆಡಿಕೊಂಡರು. ಸ್ವಲ್ಪ ತಿಳಿದವರು, ಸೋದರಮಾವನಿಗೆ ಕೊಟ್ಟುದೇ ಕಾರಣವೆಂದರು. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ರೋಗಗಳು ಬರುವುದು ನಿಜವಾದರೂ ಈ ರೋಗಕ್ಕೆ ಆ ನಂಟು ಬೇಕಾಗಿಲ್ಲ. ಪತ್ನಿ ನೆಗೆಟಿವ್, ಪತಿ ಪಾಸಿಟಿವ್ ಆಗಿದ್ದರೆ ಸಾಕು. ಮೂರನೆಯ ಸಲ ಸಿಂಧನೂರಿನ ವೈದ್ಯೆಯೊಬ್ಬರು ತಾಯಿ ಕಾರ್ಡಿನಲ್ಲಿದ್ದ ‘ನೆಗೆಟಿವ್’ ಎಂಬ ಒಂದೇ ಪದದ ಮೇಲೆ ಬೆರಳಿಟ್ಟು, ಹಿಂದಿನ ಕೂಸಿನ ವಿಚಾರವನ್ನು ಕೇಳಿದರು. ಕೂಂಬ್ಸ್ ಪರೀಕ್ಷೆಗೆ ರಕ್ತ ಹೋಯಿತು. ಪ್ರತಿಕಾಯಗಳು ಬಹಳವಾಗಿದ್ದವು.

ಇನ್ನು, ಕತ್ತಲ ಕೋಣೆಯಲ್ಲಿರುವ ಕೂಸಿನ ರಕ್ತ ಎಷ್ಟು ತೆಳುವಾಗಿದೆಯೆಂದು ಅರಿಯುವ ಬಗೆ ಹೇಗೆ? ಹಿಂದೆ ಗರ್ಭಜಲವನ್ನು ಸೂಜಿಯಿಂದ ತೆಗೆದು, ಒಡೆದ ರಕ್ತಕಣಗಳಿಂದ ಅದಕ್ಕೆ ಬಂದ ಹಳದಿಯನ್ನು ಅಳೆಯುತ್ತಿದ್ದರು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದ ಲೈಲಿ ಎಂಬ ವೈದ್ಯನು 1961ರಲ್ಲಿ ಈ ಕ್ರಮವನ್ನು ವ್ಯವಸ್ಥೆಗೊಳಿಸಿದನು. ಆದರೆ ಪ್ರತಿ ಸಲವೂ ಸೂಜಿ, ಪ್ರತಿ ಸಲವೂ ಅಪಾಯ. ಈಗಿನ ಉಪಾಯದಲ್ಲಿ ಸೂಜಿಯಿಲ್ಲ. ರಾಯಚೂರು ನಿಲ್ದಾಣದಲ್ಲಿ ನಿಂತವರಿಗೆ ಸಮೀಪಿಸುವ ರೈಲಿನ ಶಿಳ್ಳು ಒಂದು ಸ್ವರದಲ್ಲಿಯೂ ದೂರವಾಗುವ ರೈಲಿನದು ಮತ್ತೊಂದು ಸ್ವರದಲ್ಲಿಯೂ ಕೇಳಿಸುವುದಷ್ಟೆ. ಅದರ ಹಿಂದಿನ ತತ್ತ್ವವನ್ನು 1842ರಲ್ಲಿ ಡಾಪ್ಲರ್ ಎಂಬ ಆಸ್ಟ್ರಿಯದ ಪಂಡಿತನು ವಿವರಿಸಿದನು. ಅದೇ ತತ್ತ್ವದಿಂದ, ಕಿವಿಗೆ ಕೇಳದ ಶಬ್ದತರಂಗಗಳನ್ನು ಕಳುಹಿಸಿ, ಕೂಸಿನ ಮೆದುಳಿಗೆ ಹೋಗುವ ಒಂದು ಧಮನಿಯಲ್ಲಿ ರಕ್ತವು ಓಡುವ ವೇಗವನ್ನು ಅಳೆಯುತ್ತಾರೆ.

ವೇಗವೇಕೆ? ಗಟ್ಟಿ ಅಂಬಲಿಯನ್ನೂ ನೀರುಮಜ್ಜಿಗೆಯನ್ನೂ ಒಂದೇ ಓರೆಯಲ್ಲಿ ಸುರಿದು ನೋಡಿರಿ. ಕಣಗಳು ನಶಿಸಿದ ರಕ್ತವು ಮಜ್ಜಿಗೆಯಂತೆ ತೆಳುವಾಗಿ ಬೇಗ ಹರಿಯುತ್ತದೆ. ಅದರ ಜೊತೆಗೆ, ಪ್ರಾಣವಾಯು ಸಾಲದೆಂದು ಹೃದಯವೂ ಹೆಚ್ಚು ರಕ್ತವನ್ನು ನೂಕುತ್ತದೆ. 26ನೆಯ ವಾರದಲ್ಲಿ ಈ ಧಮನಿಯ ಗರಿಷ್ಠ ವೇಗವು ಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಇರುವುದು ಸಾಮಾನ್ಯ. ಅದು ಒಂದೂವರೆಪಟ್ಟಾಗಿ, ಎಂದರೆ 50ನ್ನು ಮೀರಿದರೆ, ಕೂಸಿಗೆ ಮಧ್ಯಮ ಇಲ್ಲವೆ ತೀವ್ರ ರಕ್ತಹೀನತೆಯಿದೆಯೆಂದು ಶಂಕಿಸುತ್ತಾರೆ. ಮಾರಿ ಎಂಬ ವೈದ್ಯರೂ ಅವರ ಸಂಗಡಿಗರೂ ಅಪಾಯದಲ್ಲಿದ್ದ 111 ಗರ್ಭಸ್ಥ ಶಿಶುಗಳನ್ನು ಪರೀಕ್ಷಿಸಿ 2000ದಲ್ಲಿ ಇದನ್ನು ಪ್ರಕಟಿಸಿದರು. ಅಂತಹ ರಕ್ತಹೀನತೆಯುಳ್ಳ ಒಂದು ಶಿಶುವೂ ಈ ಅಳತೆಗೆ ತಪ್ಪಲಿಲ್ಲ. ರೋಗವಿಲ್ಲದೆಯೇ ಶಂಕೆ ಬಂದುದು ನೂರಕ್ಕೆ 12ರಷ್ಟಿತ್ತು. 35ನೆಯ ವಾರದ ನಂತರ ಇಂತಹ ಹುಸಿಶಂಕೆಗಳು ಹೆಚ್ಚುತ್ತವೆ. ಕೂಸಿನ ಹೊಟ್ಟೆಯಲ್ಲಿ ಜಲೋದರದಂತೆ ನೀರು ತುಂಬಿ ಮೈ ಊದುವುದು ಬಹಳ ತಡವಾಗಿ ತೋರುವ ಲಕ್ಷಣ. ಅದನ್ನು ಕಾಯುತ್ತ ಕೂರುವಂತಿಲ್ಲ.

ಇಲ್ಲಿ ಒಂದು ಮಾತು. ಸ್ಕ್ಯಾನಿಂಗ್ ಎಂದೊಡನೆ ಗಂಡೋ ಹೆಣ್ಣೋ ಎಂದು ಪಿಸುಗುಡುವ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ. 1994ರ ಕಾನೂನು ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿದೆ. ಈ ಅಳತೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಆ ಹೆಣ್ಣುಮಗಳನ್ನು ರಾಯಚೂರಿಗೆ, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದರು. ಆರಂಭದ ಅಳತೆಗಳಲ್ಲಿ ವೇಗವು ಮಿತಿಯೊಳಗಿತ್ತು; 26ನೆಯ ವಾರದಲ್ಲಿ ಮೀರಿತು. ಆಗ ಪರದೆಯ ಮೇಲೆ ನೋಡುತ್ತ, ತಾಯಿಯ ಉದರದ ಮೂಲಕ ಸಣ್ಣ ಸೂಜಿಯನ್ನು ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಸೇರಿಸಿ, ಮೊದಲು ಒಂದಿಷ್ಟು ರಕ್ತವನ್ನು ತೆಗೆದು ಪರೀಕ್ಷಿಸಿ, ಅಲ್ಲಿಯೇ ಓ-ನೆಗೆಟಿವ್ ರಕ್ತದ ಕಣಗಳನ್ನು ತುಂಬಿದರು. ಗರ್ಭದಲ್ಲಿರುವ ಕೂಸಿಗೆ ರಕ್ತವನ್ನು ಕೊಡಬಹುದೆಂದು 1963ರಲ್ಲಿ ಮೊದಲು ತೋರಿಸಿದವನೂ ಆ ಲೈಲಿಯೇ. ಅವನು ಕೂಸಿನ ಉದರಕ್ಕೆ ತುಂಬಿದ್ದನು, ಈಗ ನೇರವಾಗಿ ನಾಳಕ್ಕೆ ತುಂಬುತ್ತಾರೆ. ಅಪಾಯವಿಲ್ಲದ ಕೆಲಸವೇನಲ್ಲ. ಮಗನು ಹೊರಗೆ ಗೋಡೆಗೊರಗಿ ನಿಂತಿದ್ದನೆಂದು ಆಮೇಲೆ ಹೇಳಿದನು. ಕೆಲವು ವಾರಗಳ ಅಂತರದಲ್ಲಿ ಹೀಗೆ ಮೂರು ಸಲವಾಯಿತು. 35ನೆಯ ವಾರದಲ್ಲಿ ಹೆಣ್ಣುಕೂಸು ಹುಟ್ಟಿತು.

ಈ ಸಂಕಟವೆಲ್ಲ ಮೊದಲ ಹೆರಿಗೆಯಾದ 72 ಗಂಟೆಗಳೊಳಗೆ ಒಂದು ಚುಚ್ಚುಮದ್ದು ಬಿದ್ದಿದ್ದರೆ ಬಹುಶಃ ತಪ್ಪುತ್ತಿತ್ತು. ಅದು 1968ರಿಂದಲೂ ಬಳಕೆಯಲ್ಲಿದೆ. ಏಳನೆಯ ತಿಂಗಳಲ್ಲಿ, 28ನೆಯ ವಾರದ ಸುಮಾರಿಗೆ ಒಂದು, ಹೆರಿಗೆಯ ನಂತರ ಕೂಸು ಪಾಸಿಟಿವ್ ಆಗಿದ್ದರೆ ಮತ್ತೊಂದು. ಗರ್ಭಪಾತವಾದರೂ ವೈದ್ಯರನ್ನು ಕೇಳಬೇಕು. ಪ್ರತಿಕಾಯಗಳು ಹುಟ್ಟಿದ ಮೇಲೆ ಹಾಕಿದರೆ ಫಲವಿಲ್ಲ. ಆದುದರಿಂದ ಮನೆಯ ಹಿರಿಯರು ಮೂರನೆಯ ತಿಂಗಳಿನೊಳಗೇ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪನ್ನು ನೋಡಬೇಕು. ನೆಗೆಟಿವ್ ಎಂದಿದ್ದರೆ ಪತಿಯ ಗುಂಪನ್ನೂ ಕೂಂಬ್ಸ್ ಪರೀಕ್ಷೆಯನ್ನೂ ತಾವಾಗಿಯೇ ಕೇಳಬೇಕು. ಆರ್‌ಎಚ್ ಒಂದೇ ಕಾರಣವೆಂದಲ್ಲ. ಪಾರ್ವೊ ಎಂಬ ವೈರಸ್ಸಿನ ಸೋಂಕು, ಥಲಸೇಮಿಯ ರೋಗದ ಒಂದು ಬಗೆ, ಕೂಸಿನ ರಕ್ತವು ತಾಯಿಯೊಳಕ್ಕೆ ಸೋರುವುದು ಇವುಗಳಿಂದಲೂ ಹೀಗಾಗುವುದುಂಟು. ಕೂಸಿನ ಚಲನೆ ಕಡಿಮೆಯಾಯಿತೆಂದು ಬಸುರಿ ಹೇಳಿದರೆ ಅದನ್ನು ಹಗುರವಾಗಿ ಎಣಿಸಬಾರದು.

ನಾಮಕರಣದ ದಿನ ನಾವೂ ಹೋಗಿದ್ದೆವು. ವೃದ್ಧೆಯು ತೊಟ್ಟಿಲ ಬಳಿ ಕುಳಿತು, “ಮಾಸ್ತರ, ಈಗ ಈ ಕೂಸಿನ ಮೈಯಾಗ ಹರಿಯೂದು ಯಾರ ರಕ್ತರೀ?” ಎಂದರು. ಯಾರೋ ಹೆಸರು ತಿಳಿಯದ ದಾನಿಗಳದು ಹೆಚ್ಚಾಗಿದೆ, ಕೆಲವು ತಿಂಗಳಲ್ಲಿ ಆ ಕಣಗಳು ಸವೆದು ಅದರದೇ ತುಂಬಿಕೊಳ್ಳುತ್ತದೆ, ಅಲ್ಲಿಯವರೆಗೆ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು ಎಂದೆವು. ಆಕೆ ತಲೆದೂಗಿ, ಮುಂದಿನ ಪರೀಕ್ಷೆ ಯಾವ ದಿನವೆಂದು ಮಗನನ್ನು ಕೇಳಿದರು.